ಮಗಳಿಗೊಂದು ಪತ್ರ: ತರಗೆಲೆ ಸುಡುವ ಮುನ್ನ

ಚಿತ್ರದುರ್ಗ
ಫೆಬ್ರುವರಿ ಮೊದಲ ವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಚಳಿ ಇಳಿದ ಮೇಲೆ ಅಪ್ಪನ ಮೊಣಕಾಲು ನೋವೂ ತಗ್ಗಿದೆ. ಬೆಳಿಗ್ಗೆ ಕೋಟೆಯ ಕಡೆ ನಡೆದು ಬರುತ್ತಾರೆ. ನೀನು ಕಳುಹಿಸಿದ ಫೋಟೋ ನೋಡಿದೆ. ಬಾದಾಮಿ ಮರದ ಎಲೆಯೆಲ್ಲ ಕೆಂಪಾಗಿ ಗೇಟಿನ ಮುಂದೆ ರಾಶಿ ಬಿದ್ದಿದೆ, ಪಕ್ಕದ ಮನೆಯವರು ಸಂಜೆಯಾದರೆ ಬೆಂಕಿ ಹಚ್ಚುತ್ತಾರೆ, ಹೊಗೆಗೆ ಮಗು ಕೆಮ್ಮುತ್ತದೆ, ಗುಡಿಸಿ ಮೂಲೆಗೆ ಹಾಕಿದರೆ ಅತ್ತೆಯವರು "ಮನೆ ಮುಂದೆ ತಿಪ್ಪೆ ಮಾಡಿದ್ದೀಯಲ್ಲ" ಎನ್ನುತ್ತಾರೆ ಎಂದು ಬರೆದಿದ್ದೀಯ. ಅವರ ಮಾತಿಗೆ ನೊಂದುಕೊಳ್ಳಬೇಡ. ಎಲೆಗೊಬ್ಬರ ಮಾಡಲು ನಮಗೆ ಬೇಕಾಗಿರುವುದೂ ತಿಪ್ಪೆಯೇ. ಅದನ್ನು ಮುಂಬಾಗಿಲಿನಿಂದ ಹಿತ್ತಲಿಗೆ ಸಾಗಿಸು, ಅವರ ದೂರೂ ನಿಲ್ಲುತ್ತದೆ.

ಬೀದಿಯಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡವೆಂದೂ ಆದೇಶ ಮಾಡಿತು. ಹಾಗೆಂದು ಇದನ್ನು ಹಿಡಿದುಕೊಂಡು ನೆರೆಯವರ ಮೇಲೆ ಜಗಳಕ್ಕೆ ಹೋಗಬೇಡ. "ನಿಮ್ಮ ಅಂಗಳದ ಎಲೆಯನ್ನೂ ನಾನೇ ಒಯ್ಯುತ್ತೇನೆ" ಎಂದು ಕೇಳಿ ನೋಡು. ಗುಡಿಸುವ ಕೆಲಸ ತಪ್ಪುತ್ತದೆ ಎಂದರೆ ಬೇಡ ಎನ್ನುವವರು ಕಡಿಮೆ.

ಮೊಬೈಲಿನಲ್ಲಿ ಎಲೆಗೊಬ್ಬರದ ವಿಡಿಯೋ ನೋಡಿದೆ, ರಾಶಿ ಹಾಕಿ ಮರೆತುಬಿಟ್ಟರೆ ಸಾಕಂತೆ ಎಂದಿದ್ದೀಯಲ್ಲ, ಅದೊಂದು ಮಾತನ್ನು ಮಾತ್ರ ನಂಬಬೇಡ. ಅದು ಇಂಗ್ಲೆಂಡಿನವರ ಲೆಕ್ಕ. ಅಲ್ಲಿ ಎಲೆ ಉದುರುವುದು ಅಕ್ಟೋಬರ್, ನವೆಂಬರಿನಲ್ಲಿ. ಬೆನ್ನಿಗೇ ಮಳೆ, ಮಂಜು. ನೆನೆದ ಎಲೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಕಳಿಯುತ್ತದೆ. ನಮ್ಮ ಕಡೆ ಎಲೆ ಉದುರುವುದು ಶಿಶಿರದಲ್ಲಿ. ಮೊದಲು ಬಾದಾಮಿ, ಆಮೇಲೆ ತೇಗ, ಬೇವು, ಅರಳಿ, ಯುಗಾದಿ ಹತ್ತಿರವಾದಂತೆ ಹೊಂಗೆ. ಇವುಗಳ ಬೆನ್ನಿಗೆ ಬರುವುದು ಮಾರ್ಚ್, ಏಪ್ರಿಲಿನ ಬಿಸಿಲು. ಮರೆತ ರಾಶಿ ಇಲ್ಲಿ ಕೊಳೆಯುವುದಿಲ್ಲ. ಒಣಗಿ ಗರಿಗರಿಯಾಗಿ ಕೂರುತ್ತದೆ, ಇಲ್ಲವೇ ಗೆದ್ದಲಿನ ಪಾಲಾಗುತ್ತದೆ, ಅದೂ ಅಲ್ಲದಿದ್ದರೆ ಯಾರೋ ಎಸೆದ ಬೀಡಿ ತುಂಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈಗಿನಿಂದ ರೋಹಿಣಿ ಮಳೆ ಹಿಡಿಯುವವರೆಗೆ ಎಲೆಯನ್ನು ಒದ್ದೆಯಾಗಿ ಇಟ್ಟುಕೊಳ್ಳುವುದೇ ನಿನ್ನ ಕೆಲಸ. ಉಳಿದದ್ದನ್ನು ಮಳೆಗಾಲ ನೋಡಿಕೊಳ್ಳುತ್ತದೆ.

ಒದ್ದೆ ಏಕೆ ಎಂದರೆ, ಎಲೆಯನ್ನು ಕಳಿಸುವುದು ಬೂಷ್ಟು. (ಟೀಚರ್ ಪಾಠ ಶುರು ಮಾಡಿದರು ಎಂದು ಮೂಗು ಮುರಿಯಬೇಡ, ನಿವೃತ್ತಿಯಾದ ಮೇಲೆ ಕೇಳುವವರು ನೀನೊಬ್ಬಳೇ.) ಎಲೆ ಉದುರುವ ಮುನ್ನ ಮರ ಅದರಲ್ಲಿರುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ವಾಪಸು ಎಳೆದುಕೊಂಡಿರುತ್ತದೆ. ಉಳಿಯುವುದು ನಾರು ಮತ್ತು ಲಿಗ್ನಿನ್ ಎಂಬ ಗಡಸು ಅಂಶ. ಅಡುಗೆಮನೆಯ ಕಸ, ಸಗಣಿ ಸೇರಿದ ಕಾಂಪೋಸ್ಟ್ ಗುಂಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲವಿದ್ದರೆ ಬ್ಯಾಕ್ಟೀರಿಯಾಗಳು ಮುಗಿಬಿದ್ದು ತಿನ್ನುತ್ತವೆ. ಗುಂಡಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಒಣಗಿದ ಎಲೆಯಲ್ಲಿ ಸಾಮಾನ್ಯವಾಗಿ ಇಂಗಾಲ 50 ಪಾಲಿಗೂ ಹೆಚ್ಚು. ಸಾರಜನಕದ ಆ ಬರಗಾಲದಲ್ಲಿ ಬ್ಯಾಕ್ಟೀರಿಯಾ ಹಿಂದೆ ಸರಿದು ಬೂಷ್ಟು ಮುಂದೆ ಬರುತ್ತದೆ. ಕೆಲಸ ನಿಧಾನ, ರಾಶಿ ತಣ್ಣಗೇ ಇರುತ್ತದೆ. ಮಳೆಗಾಲ ಶುರುವಾದ ಮೇಲೆ ಒಂದು ಹಿಡಿ ಎಲೆ ಎತ್ತಿ ನೋಡು: ಎಲೆಯಿಂದ ಎಲೆಗೆ ಬಿಳಿ ನೂಲು ಹೆಣೆದುಕೊಂಡಿರುತ್ತದೆ, ಎರಡು ಎಲೆ ಬಿಡಿಸಿದರೆ ಸಣ್ಣಗೆ ಪರ್ರೆಂದು ಹರಿಯುತ್ತದೆ. ಅತ್ತೆಯವರು ಕೆಟ್ಟುಹೋಗಿದೆ ಎಂದರೆ, ಈಗ ಸರಿಹೋಗಿದೆ ಎಂದು ಹೇಳು.

ಚೀಲಕ್ಕೆ ದುಡ್ಡು ಸುರಿಯಬೇಡ. ನಿಮ್ಮ ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ? ಮಂಡಕ್ಕಿ ಭಟ್ಟಿಯ ಕಡೆ ಹೋದರೆ ದೊಡ್ಡ ದೊಡ್ಡ ಖಾಲಿ ಚೀಲ ಸಿಗುತ್ತವೆ, ಹಗುರ ಬೇರೆ. ಅಡಿಗೆ, ಪಕ್ಕಕ್ಕೆ ಅಲ್ಲಲ್ಲಿ ತೂತು ಮಾಡು. ಬೀದಿಯ ಎಲೆಯಾದ್ದರಿಂದ ಮೊದಲು ನೆಲದ ಮೇಲೆ ಹರಡಿ ಗುಟ್ಕಾ ಚೀಟಿ, ಗಾಜಿನ ಚೂರು ಆರಿಸಿ ತೆಗೆ. ಬರಿಗೈ ಹಾಕಬೇಡ, ಇಡೀ ವಾರ ಕದಲದ ರಾಶಿಯಾದರೆ ಕೋಲಿನಿಂದ ಕೆದಕಿಯೇ ಮುಟ್ಟು, ಚೇಳು ಇರಬಹುದು. ಬಾದಾಮಿ ಎಲೆ ದೊಡ್ಡದು, ಒಂದರ ಮೇಲೊಂದು ಒತ್ತಿ ಕುಳಿತರೆ ನೀರೂ ಇಳಿಯದು, ಗಾಳಿಯೂ ಆಡದು. ಅದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮಗುವಿಗೆ ಬೂಟು ಹಾಕಿಸಿ ಮೇಲೆ ಕುಣಿಯಲು ಬಿಡು. ಇದಕ್ಕಿಂತ ಅಗ್ಗದ ಯಂತ್ರ ಇನ್ನೊಂದಿಲ್ಲ.

ಪುಡಿಯಾದ ಎಲೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ ಚೀಲಕ್ಕೆ ತುಂಬು. ಒಣ ಎಲೆ ತುಂಬಿ ಮೇಲಿನಿಂದ ನೀರು ಹೊಯ್ದರೆ ಮೇಲಿನದಷ್ಟೇ ತೋಯುತ್ತದೆ, ಒಳಗೆ ಒಣಗಿಯೇ ಇರುತ್ತದೆ. ನಡುನಡುವೆ ತೋಟದ ಮಣ್ಣು ಒಂದೊಂದು ಹಿಡಿ, ಸಿಕ್ಕರೆ ಸಗಣಿ ಬಗ್ಗಡ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಒಸರಬೇಕು, ಧಾರೆಯಾಗಿ ಇಳಿಯಬಾರದು. ಬಾಯಿ ಸಡಿಲವಾಗಿ ಕಟ್ಟಿ ನೆರಳಿನಲ್ಲಿ, ನೆಲದ ಮೇಲಲ್ಲ, ಚಪ್ಪಡಿಯ ಮೇಲೋ ಇಟ್ಟಿಗೆಯ ಮೇಲೋ ಇಡು. ಗೆದ್ದಲಿಗೆ ಅಷ್ಟು ಸುಲಭವಾಗಿ ದಾರಿ ಸಿಗುವುದಿಲ್ಲ. ವಾರಕ್ಕೊಮ್ಮೆ ಅಕ್ಕಿ, ತರಕಾರಿ ತೊಳೆದ ನೀರು ಹೊಯ್ಯಿ. ಸೋಪಿನ ನೀರು ಬೇಡ. ಮೊದಮೊದಲು ಕೆಳಗಿನಿಂದ ಚಹಾ ಬಣ್ಣದ ನೀರು ಇಳಿದರೆ ಗಾಬರಿಯಾಗಬೇಡ, ಅದು ಬಾದಾಮಿ ಎಲೆಯ ಟ್ಯಾನಿನ್, ಅಂದರೆ ಒಗರಿನ ಅಂಶ. ಅಕ್ವೇರಿಯಂ ಇಟ್ಟವರು ಅದಕ್ಕಾಗಿಯೇ ಈ ಎಲೆಯನ್ನು ದುಡ್ಡು ಕೊಟ್ಟು ತರಿಸುತ್ತಾರೆ.

ನಿಮ್ಮ ರಸ್ತೆಯ ತುದಿಯಲ್ಲಿ ಹೊಂಗೆ ಸಾಲಿದೆಯಲ್ಲ, ಅದನ್ನು ಬಿಡಬೇಡ. ಹೊಂಗೆ ದ್ವಿದಳ ಜಾತಿಯ ಮರ, ಎಲೆಯಲ್ಲಿ ಸತ್ವ ಹೆಚ್ಚು, ಬೇಗ ಕಳಿಯುತ್ತದೆ. ಬಾದಾಮಿ, ಮಾವಿನಂಥ ಗಟ್ಟಿ ಎಲೆಯ ಜೊತೆ ಬೆರೆಸಿದರೆ ಅವನ್ನೂ ಎಳೆದುಕೊಂಡು ಹೋಗುತ್ತದೆ. ಹುಣಸೆ, ಬೇವು ಸಣ್ಣ ಎಲೆ, ತೊಂದರೆಯಿಲ್ಲ. ನೀಲಗಿರಿ ಮಾತ್ರ ಬೇಡವೇ ಬೇಡ. ಎಣ್ಣೆಯ ಅಂಶ ಇರುವುದರಿಂದ ಅದು ಕಳಿಯಲು ಸತಾಯಿಸುತ್ತದೆ, ಸಸಿಗಳಿಗೂ ಒಳ್ಳೆಯದಲ್ಲ.

ಹುಮ್ಮಸ್ಸಿನಲ್ಲಿ ಜೋಗಿಮಟ್ಟಿಯ ಕಾಡಿಗೋ ಕೊಂಡಜ್ಜಿಯ ಕಾಡಿಗೋ ಚೀಲ ಹಿಡಿದು ಹೋಗುವ ಯೋಚನೆ ಇದ್ದರೆ ಬಿಡು. ನಗರದ ಎಲೆ ಸಿಮೆಂಟಿನ ಮೇಲೆ ಬೀಳುತ್ತದೆ, ಎತ್ತಿಕೊಂಡರೆ ಯಾರಿಗೂ ನಷ್ಟವಿಲ್ಲ. ಕಾಡಿನ ತರಗು ಆ ಬಂಡೆಗಲ್ಲಿನ ತೆಳು ಮಣ್ಣಿಗೆ ಇರುವ ಒಂದೇ ಹೊದಿಕೆ.

ದೀಪಾವಳಿಯ ಹೊತ್ತಿಗೆ ಅರ್ಧ ಕಳಿತಿರುತ್ತದೆ. ಅದನ್ನು ಗಿಡದ ಬುಡಕ್ಕೆ ಮೇಲೆ ಹೊದಿಸಬಹುದು, ಮಣ್ಣಿಗೆ ಬೆರೆಸಬೇಡ. ಅರೆಬರೆ ಕಳಿತ ಎಲೆ ಮಣ್ಣಿನ ಸಾರಜನಕವನ್ನೇ ಕಬಳಿಸುತ್ತದೆ. ಮುಂದಿನ ಶಿವರಾತ್ರಿಗೆ ಎಲೆಯ ಗುರುತೇ ಸಿಗದಂತೆ ಕಪ್ಪು ಪುಡಿಯಾಗಿ, ಮೊದಲ ಮಳೆಯ ವಾಸನೆ ಬರುತ್ತದೆ. ಆಗ ಜರಡಿ ಹಿಡಿದು ಬಳಸು. ಇದು ಹೊಟ್ಟೆ ತುಂಬಿಸುವ ಗೊಬ್ಬರವಲ್ಲ ಎಂಬುದು ನೆನಪಿರಲಿ. ಬದನೆ, ಟೊಮೆಟೊಗೆ ಸಗಣಿ ಗೊಬ್ಬರ ಬೇರೆಯಾಗಿಯೇ ಬೇಕು. ಎಲೆಗೊಬ್ಬರ ಮಾಡುವುದು ಮಣ್ಣಿನ ಗುಣ ತಿದ್ದುವ ಕೆಲಸ. ನಮ್ಮ ಮನೆಯ ಕೆಂಪು ಮಣ್ಣಿನಲ್ಲಿ ಅದು ನೀರು ಹಿಡಿಯುತ್ತದೆ. ನಿಮ್ಮದು ಎರೆ ಮಣ್ಣು. ಮಳೆಗೆ ಅಂಟಾಗಿ ಬೇರಿಗೆ ಉಸಿರುಕಟ್ಟುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷ ವರ್ಷ ಎರಡು ಬೆರಳು ದಪ್ಪ ಎಲೆಗೊಬ್ಬರ ಬೆರೆಸುತ್ತಾ ಹೋದರೆ ಆ ಮಣ್ಣು ಸಡಿಲವಾಗುತ್ತದೆ. ಒಂದೇ ವರ್ಷಕ್ಕೆ ಪವಾಡ ಆಗುತ್ತದೆಂದು ಕಾಯಬೇಡ.

ಅಪ್ಪನಿಗೆ ಈ ಪತ್ರ ಓದಿ ಹೇಳಿದರೆ, "ಹಾವು ಬರುತ್ತದೆ ಎಂದು ಬರೆ" ಎನ್ನುತ್ತಿದ್ದಾರೆ. ಬರೆದಿದ್ದೇನೆ. ಅಳಿಯಂದಿರಿಗೂ ಅತ್ತೆಯವರಿಗೂ ನಮ್ಮ ನಮಸ್ಕಾರ ತಿಳಿಸು. ಶಿವರಾತ್ರಿಗೆ ಬರುವಾಗ ನನಗೂ ನಾಲ್ಕು ಮಂಡಕ್ಕಿ ಚೀಲ ತಾ. ಒಂದು ತುಂಬಿರಲಿ.

ಇಂತಿ,
ನಿನ್ನ ಅಮ್ಮ