ಹತ್ತು ತಿಂಗಳ ಅಡ್ವಾನ್ಸ್‌ಗೆ ಕಾನೂನಿನ ಮಿತಿ ಇರಲಿ

ಮಾನ್ಯರೇ,

1898ರ ಪ್ಲೇಗ್ ಹಾವಳಿಯ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರು ನೆಲೆಸಿ ಬೆಳೆದ ಬೆಂಗಳೂರಿನ ಮಲ್ಲೇಶ್ವರದಲ್ಲಿ ಹಳೆಯ ಹೆಂಚಿನ ಮನೆಗಳು ಮತ್ತು ವಠಾರಗಳು ಒಂದೊಂದಾಗಿ ನೆಲಸಮವಾಗಿ, ಅವು ಇದ್ದ ಜಾಗದಲ್ಲಿ ಬಹುಮಹಡಿ ಅಪಾರ್ಟ್‌ಮೆಂಟ್‌ಗಳು ತಲೆಯೆತ್ತುತ್ತಿವೆ. ಕಾಡು ಮಲ್ಲೇಶ್ವರ ದೇವಸ್ಥಾನಕ್ಕೂ ಎಂಟನೇ ಕ್ರಾಸ್‌ನ ಹೂವು-ತರಕಾರಿ ಅಂಗಡಿಗಳಿಗೂ ನಡೆದೇ ಹೋಗಿಬರುವ ವಯಸ್ಸಾದವರು, ವಠಾರ ಬಿಡಬೇಕಾಗಿ ಬಂದ ಮೇಲೂ ಇದೇ ಬಡಾವಣೆಯಲ್ಲಿ ಇರಬೇಕೆಂದರೆ ಫ್ಲ್ಯಾಟನ್ನೇ ಬಾಡಿಗೆಗೆ ಹಿಡಿಯಬೇಕಾಗಿದೆ. ಅವರನ್ನು ಬಾಗಿಲಲ್ಲೇ ತಡೆಯುತ್ತಿರುವುದು ಹತ್ತು ತಿಂಗಳ ಅಡ್ವಾನ್ಸ್. ತಿಂಗಳಿಗೆ 40 ಸಾವಿರ ರೂಪಾಯಿ ಬಾಡಿಗೆಯ ಮನೆಗೆ ಬೀಗದ ಕೈ ಪಡೆಯುವ ಮೊದಲೇ 4 ಲಕ್ಷ ರೂಪಾಯಿ ಹೊಂದಿಸಬೇಕು. ಬ್ರೋಕರ್ ಕಮಿಷನ್ ಬೇರೆ. ಪಿಂಚಣಿಯಲ್ಲಿ ಬದುಕುವವರು ಇಷ್ಟು ಹಣವನ್ನು ಎಲ್ಲಿಂದ ತರಬೇಕು?

ಮನೆ ಬಿಡುವಾಗಿನ ಪಾಡು ಇನ್ನೊಂದು. ಈ ಭಾಗದ ಅಪಾರ್ಟ್‌ಮೆಂಟೊಂದರಲ್ಲಿ ನಾವಿದ್ದ ಮನೆಯನ್ನು ಖಾಲಿ ಮಾಡಿದಾಗ, ಕ್ಯಾಲೆಂಡರ್ ತೂಗುಹಾಕಿದ್ದ ಎರಡು ಮೊಳೆಯ ಗುರುತು ಬಿಟ್ಟರೆ ಗೋಡೆಗಳಲ್ಲಿ ಯಾವ ಹಾನಿಯೂ ಇರದಿದ್ದರೂ, ಸುಣ್ಣಬಣ್ಣದ ಬಾಬ್ತು ಎಂದು ಮಾಲೀಕರು ಪೂರ್ತಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡರು. ಕರಾರುಪತ್ರದಲ್ಲೇ ಹಾಗೆ ಬರೆದಿದೆ ಎಂದರು. ಬರೆದಿತ್ತು, ನಿಜ. ಆದರೆ ಆ ಷರತ್ತನ್ನು ಒಪ್ಪದವರಿಗೆ ಮನೆ ಸಿಗುವುದಿಲ್ಲವೆಂಬುದೂ ಅಷ್ಟೇ ನಿಜ.

ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿಗೆ ನೀಡಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಠೇವಣಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ; ಗೋಡೆಗೆ ಸುಣ್ಣ, ಕಿಟಕಿ-ಬಾಗಿಲಿಗೆ ಬಣ್ಣ ಹೊಡೆಸುವ ಹೊಣೆಯನ್ನು ಮಾಲೀಕರ ಪಾಲಿಗೆ ಸೇರಿಸಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಸರ್ಕಾರ ತನ್ನ ಕಾನೂನಿನಲ್ಲಿ ಅಳವಡಿಸಿಕೊಳ್ಳದ ಹೊರತು ಬಾಡಿಗೆದಾರರು ಅದನ್ನು ಮುಂದಿಟ್ಟು ಕೇಳುವಂತಿಲ್ಲ. ನಮ್ಮಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಾದರೋ ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಆ ಬಾಡಿಗೆಗೆ ಇಂದು ಮಲ್ಲೇಶ್ವರದ ಯಾವ ಅಪಾರ್ಟ್‌ಮೆಂಟಿನಲ್ಲಿ ಮನೆ ಸಿಕ್ಕೀತು? ಅಡ್ವಾನ್ಸ್ ವಾಪಸು ಬಾರದಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಅಲೆಯಬೇಕು. ಮುರಿದುಕೊಂಡ ಮೊತ್ತಕ್ಕಿಂತ ವಕೀಲರ ಖರ್ಚೇ ಹೆಚ್ಚಾದೀತೆಂದು ಬಹುತೇಕರು ಸುಮ್ಮನಾಗುತ್ತಾರೆ.

ಬಾಡಿಗೆದಾರರು ಹಾನಿ ಮಾಡಿ ಹೋದರೆ ಅಥವಾ ಬಾಡಿಗೆ ಬಾಕಿ ಉಳಿಸಿದರೆ ಎಂಬ ಮಾಲೀಕರ ಆತಂಕ ಸುಳ್ಳಲ್ಲ. ಬಾಡಿಗೆಯನ್ನೇ ನಂಬಿ ಬದುಕುವ ಹಿರಿಯರೂ ಅವರಲ್ಲಿದ್ದಾರೆ. ಆದರೆ ಆ ಆತಂಕಕ್ಕೆ ಮಾಲೀಕರು-ಬಾಡಿಗೆದಾರರ ತಕರಾರುಗಳನ್ನು ಬೇಗ ಇತ್ಯರ್ಥಪಡಿಸುವ ಬಾಡಿಗೆ ಪ್ರಾಧಿಕಾರ ಪರಿಹಾರವೇ ಹೊರತು ಹತ್ತು ತಿಂಗಳ ಹಣವನ್ನು ಬಡ್ಡಿಯಿಲ್ಲದೆ ಹಿಡಿದಿಟ್ಟುಕೊಳ್ಳುವುದಲ್ಲ.

ಆದ್ದರಿಂದ ರಾಜ್ಯ ಸರ್ಕಾರವು 3,500 ರೂಪಾಯಿಯ ಮಿತಿಯನ್ನು ತೆಗೆದುಹಾಕಿ, ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸಿ, ಅದರಿಂದ ಮುರಿದುಕೊಳ್ಳುವ ಪ್ರತಿ ರೂಪಾಯಿಗೂ ಮಾಲೀಕರು ರಸೀದಿ ಕೊಡುವುದನ್ನು ಕಡ್ಡಾಯ ಮಾಡುವ ತಿದ್ದುಪಡಿಯನ್ನು ಶೀಘ್ರವೇ ತರಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಬಾಡಿಗೆದಾರ, ಮಲ್ಲೇಶ್ವರ, ಬೆಂಗಳೂರು