ಗೆಳೆಯನಿಗೊಂದು ಪತ್ರ: ಬಜಪೆಯಲ್ಲಿ ಇಳಿಯದೆ ಮೇಲೆ ಹೋದ ವಿಮಾನ

ಮಾರಾಯ ಸತೀಶ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. "ವಿಮಾನ ಇಳಿಯದೆ ಮೇಲೆ ಹೋಯ್ತು ಅಂತ ಒಂದು ಸಾಲು ಬರೆದು ಮಾಯವಾದೆಯಲ್ಲ, ಏನಾಯ್ತು ಆ ದಿನ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೊರಟರೆ ನೀನು ಮಧ್ಯ ಬಾಯಿ ಹಾಕ್ತೀಯ, ಮಾತು ನಮ್ಮ ಶಾಲೆಯ ಪೋಡಿ ಮಾಸ್ಟ್ರ ಕಡೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತಲೇ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ನಮ್ಮೂರಿಗೆ ವಿಮಾನದಲ್ಲಿ ಬರುವವನು ನೀನೊಬ್ಬನೇ ಅಲ್ಲವಲ್ಲ.

ಜುಲೈ ತಿಂಗಳು, ಬೆಂಗಳೂರಿನಿಂದ ಬೆಳಗಿನ ವಿಮಾನ. ಬಜಪೆ, ಅಂದರೆ ನಮ್ಮ ಮಂಗಳೂರಿನ ವಿಮಾನ ನಿಲ್ದಾಣ, ಹತ್ತಿರವಾದಾಗ ಮೋಡದೊಳಗೆ ಒಳ್ಳೆ ಕುಲುಕಾಟ. ಚಕ್ರ ಬಿಟ್ಟ ಸದ್ದು ಕೇಳಿತು. ಮೋಡ ಸ್ವಲ್ಪ ಹರಿದು ಅಡಿಕೆ ತೋಟ ಕಂಡಿತು, ಕೆಂಪುಕಲ್ಲಿನ ಪಾಗಾರ ಕಂಡಿತು, ಯಾರದೋ ಅಂಗಳಕ್ಕೆ ಕಟ್ಟಿದ ನೀಲಿ ಟಾರ್ಪಾಲು ಸಹ ಕಂಡಿತು. ಮತ್ತೆ ಎಲ್ಲ ಬಿಳಿ. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಎಂಜಿನ್ ಒಮ್ಮೆಲೇ ಅಬ್ಬರಿಸಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು, ಮೂತಿ ಮೇಲೆದ್ದಿತು. ಕಾಲಡಿಯಲ್ಲಿ ಧಡ್ ಅಂತ ಚಕ್ರ ಒಳಗೆ ಹೋಯಿತು.

ನಾನು ಮೊದಲ ಸಾಲಿನಲ್ಲಿದ್ದೆ. ಎದುರಿಗೇ ಗಗನಸಖಿ ಕೂತಿದ್ದಳು, ನಮ್ಮ ಕಡೆ ಮುಖ ಮಾಡಿ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಅವಳ ತುಟಿ ಸಣ್ಣಗೆ ಆಡುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅನಾಹುತವಾದರೆ ಏನೇನು ಮಾಡಬೇಕು ಅನ್ನುವುದನ್ನು ಅವರು ಪ್ರತಿ ಸಲ ಇಳಿಯುವಾಗಲೂ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುತ್ತಾರಂತೆ.

ತುಂಬಾ ಹೊತ್ತು ಯಾರೂ ಏನೂ ಹೇಳಲಿಲ್ಲ. ಆ ಮೌನವೇ ಜಾಸ್ತಿ ಹೆದರಿಸುವುದು. ಅದಕ್ಕೂ ಕಾರಣ ಇದೆ. ಪೈಲಟ್‌ಗಳಿಗೆ ಕಲಿಸುವ ಕ್ರಮವೇ ಹಾಗೆ: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತು. ಆ ಮಾತಿನಲ್ಲೂ ಮೊದಲು ನಿಲ್ದಾಣದ ಕಂಟ್ರೋಲ್ ಟವರ್, ನಾವು ಕೊನೆಗೆ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡಬೇಕು, ಮೂತಿ ಎತ್ತಬೇಕು, ಇಳಿಯಲು ರೆಕ್ಕೆಯಿಂದ ಹೊರಚಾಚಿದ ಫ್ಲಾಪ್ ಕಡಿಮೆ ಮಾಡಬೇಕು, ಮೇಲೆ ಏರುತ್ತಿರುವುದು ಖಾತ್ರಿಯಾದ ಮೇಲೆ ಚಕ್ರ ಮಡಚಬೇಕು. ಇದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಇದು ಅಪಘಾತದ ಸಮೀಪ ಹೋಗಿ ಬಂದದ್ದಲ್ಲ ಮಾರಾಯ. ಪ್ರತಿ ಇಳಿತಕ್ಕೂ ಮೊದಲೇ ಇದರ ಲೆಕ್ಕ ಹಾಕಿ ಇಟ್ಟಿರುತ್ತಾರೆ. ನೆಲದಿಂದ ಬರುವ ರೇಡಿಯೋ ಸಂಕೇತ ಹಿಡಿದು ಇಳಿಯುವ ಮಾಮೂಲಿ ಐಎಲ್‌ಎಸ್ ಇಳಿತದಲ್ಲಿ ನೆಲದಿಂದ ಸುಮಾರು 200 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪಗಳು ಕಾಣಲೇಬೇಕು. ಕಾಣದಿದ್ದರೆ ಮೇಲೆ, ಚರ್ಚೆ ಇಲ್ಲ. ಇಂಧನವೂ ಹಾಗೆಯೇ. ಬೇರೆ ಊರಿಗೆ ಹೋಗಿ ಇಳಿಯುವಷ್ಟು, ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು ಇರಲೇಬೇಕು.

ಇದೆಲ್ಲ ಆಮೇಲೆ ಕೂತು ಓದಿದ್ದು. ಆವಾಗ ಗೊತ್ತಿದ್ದದ್ದು, ಶಿರಾಡಿ ಘಾಟಿಯಲ್ಲಿ ಬಸ್ಸು ಫಸ್ಟ್ ಗೇರಿಗೆ ಬಿದ್ದು ಕಿರುಚುವ ಹಾಗೆ ಎಂಜಿನ್ ಕಿರುಚುತ್ತಿದೆ ಅನ್ನುವುದಷ್ಟೇ.

ಹಿಂದಿನ ಸೀಟಿನವರು "ನನಗೆ ನೆಲ ಕಾಣ್ತಿತ್ತು, ಇಳಿಸಬಹುದಿತ್ತು" ಅಂದರು. ಸುತ್ತು ಹಾಕಿ ಎರಡನೇ ಸಲ ಚೆನ್ನಾಗಿಯೇ ಇಳಿಸಿದ ಮೇಲೂ, ಬ್ಯಾಗಿಗೆ ಕಾಯುವಾಗ, ಇನ್ನೊಬ್ಬರು "ಹೊಸ ಪೈಲಟ್ ಇರಬೇಕು" ಅಂದರು. ನಾಲ್ಕೈದು ಜನ ತಲೆಯಾಡಿಸಿದರು. ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಇದನ್ನು ಬರೆಯುವುದಕ್ಕೆ ಅರ್ಧ ಕಾರಣ ಆ ಸಿಟ್ಟೇ.

ಬಜಪೆಯಲ್ಲಿ ನಿಂತು ಆ ಮಾತು ಆಡುವುದಾ? 2010ರ ಮೇ 22 ನಿನಗೆ ನಾನು ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ವಿಮಾನ ಇಲ್ಲೇ ಕಣಿವೆಗೆ ಬಿತ್ತು, 166 ಜನರಲ್ಲಿ ಬದುಕಿ ಉಳಿದವರು 8. ಆವತ್ತು ಮಳೆಯೂ ಇರಲಿಲ್ಲ, ರನ್‌ವೇ ಕಾಣುತ್ತಿತ್ತು. ತನಿಖಾ ವರದಿ ಓದು, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದಿದ್ದರು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಮೂರು ಸಲ "ಗೋ ಅರೌಂಡ್" ಅಂದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಆದರೂ ಇಳಿಸಿದರು. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆಮೇಲೆ ಮತ್ತೆ ಏರಲು ನೋಡಿದರು. ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಹಾಕಿದ ಮೇಲೆ ಏರುವ ಹಾಗಿಲ್ಲ. ಆ ಕಡೆ ಗುಡ್ಡದ ಅಂಚು, ಕೆಳಗೆ ಕೆಂಜಾರಿನ ಕಣಿವೆ.

2020ರ ಆಗಸ್ಟ್ 7, ಕೋಯಿಕ್ಕೋಡ್. ಅದೂ ದುಬೈಯಿಂದ, ಅದೂ ಗುಡ್ಡದ ಮೇಲಿನ ರನ್‌ವೇ. ಮಳೆಯಲ್ಲಿ ಮೊದಲ ಸಲ ಇಳಿಯದೆ ಸರಿಯಾಗಿಯೇ ಮೇಲೆ ಹೋಗಿದ್ದರು. ಎರಡನೇ ಸಲ ಹಿಂಗಾಳಿ, ಅರ್ಧ ರನ್‌ವೇ ಮುಗಿದ ಮೇಲೆ ನೆಲ ಸಿಕ್ಕಿತು. ಅಲ್ಲೂ ಪಕ್ಕದ ಪೈಲಟ್ "ಗೋ ಅರೌಂಡ್" ಅಂದಿದ್ದು ವರದಿಯಲ್ಲಿದೆ. 21 ಜನ ಹೋದರು. ಇಬ್ಬರು ಪೈಲಟ್‌ಗಳೂ ಅದರಲ್ಲಿ ಸೇರಿದ್ದಾರೆ.

ಫ್ಲೈಟ್ ಸೇಫ್ಟಿ ಫೌಂಡೇಶನ್ ಅಂತ ಒಂದು ಸಂಸ್ಥೆ ಇದೆ. ಎತ್ತರವೋ ವೇಗವೋ ಸರಿಯಿಲ್ಲದೆ ಇಳಿಯುತ್ತಿರುವ ವಿಮಾನಗಳಲ್ಲಿ ಸುಮಾರು ಶೇಕಡಾ 3 ಮಾತ್ರ ಮತ್ತೆ ಮೇಲೆ ಹೋಗುತ್ತವೆ ಅನ್ನುತ್ತದೆ ಅದರ ಅಧ್ಯಯನ. ಉಳಿದವು ಹಾಗೇ ಇಳಿಯುತ್ತವೆ, ಹೆಚ್ಚಿನವು ಏನೂ ಆಗದೆ ಇಳಿಯುತ್ತವೆ. ತೊಂದರೆ ಅಲ್ಲೇ ಇರುವುದು ಅಲ್ವಾ? ಹತ್ತು ಸಲ ಏನೂ ಆಗದಿದ್ದರೆ ಹನ್ನೊಂದನೇ ಸಲ ಪಕ್ಕದವನು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಊರು ಕಂಡಿದೆ, ಗೇಟಿನ ಹೊರಗೆ ಜನ ಕಾಯುತ್ತಿದ್ದಾರೆ, ತಡವಾದರೆ ಹಿಂದಿನ ಸೀಟಿನವರು ಬೈಯುತ್ತಾರೆ. ಇಷ್ಟೆಲ್ಲ ಕೆಳಗೆ ಎಳೆಯುತ್ತಿರುವಾಗ ಕೈ ಮುಂದೆ ಮಾಡಿ "ಬೇಡ" ಅನ್ನುವವನನ್ನು ಹೊಸಬ ಅನ್ನಬೇಡಿ. ಅವನು ನಮ್ಮನ್ನು ಉಳಿಸಿದವನು.

ಆವತ್ತು ಆ ವಿಮಾನದಲ್ಲಿ ಎಲ್ಲರಿಗೂ ಇಳಿಯಬೇಕಿತ್ತು ಅಂತ ನಿನಗೆ ಅನ್ನಿಸಿರಬಹುದು, ಅದು ಪೂರ್ತಿ ನಿಜ ಅಲ್ಲ ಸತೀಶ. ನನಗೆ ಬೇಡವಾಗಿತ್ತು.

ಹಿಂದಿನ ರಾತ್ರಿ ಡಾಕ್ಟರು ಫೋನ್ ಮಾಡಿದ್ದರು. "ನೀವು ಬನ್ನಿ, ಎದುರು ಕೂತು ಮಾತಾಡಬೇಕು" ಅಂದಿದ್ದರು. ಅಪ್ಪನಿಗೆ ವೆಂಟಿಲೇಟರ್ ಹಾಕಿ ಆಗಿತ್ತು. ಅಣ್ಣ "ನೀನು ಬಂದು ಹೇಳಿದ ಹಾಗೆ ಮಾಡುವ" ಅಂದಿದ್ದ. ಅಮ್ಮ ಏನೂ ಅಂದಿರಲಿಲ್ಲ. ಎಂಜಿನ್ ಅಬ್ಬರಿಸಿ ವಿಮಾನ ಮೇಲೆದ್ದಾಗ ನನಗೆ ಮೊದಲು ಬಂದದ್ದು ಭಯ ಅಲ್ಲ. ಸಮಾಧಾನ. ಇಳಿದರೆ ನಾನು ಏನೋ ಒಂದು ಹೇಳಲೇಬೇಕಿತ್ತು. ಮೋಡದ ಸಂದಿಯಲ್ಲಿ ಸಮುದ್ರ ಕಂಡಿತು. ಇಲ್ಲೇ ಸುತ್ತುತ್ತಾ ಇರಲಿ, ಇಂಧನ ಇರುವಷ್ಟು ಹೊತ್ತು ಸುತ್ತಲಿ ಅನ್ನಿಸಿತು. ಪಕ್ಕದಲ್ಲಿ ಒಬ್ಬ ಹೆಂಗಸು ಜಪಮಾಲೆ ಹಿಡಿದು ಕಣ್ಣು ಮುಚ್ಚಿದ್ದರು, ಬೇಗ ಇಳಿಸಪ್ಪಾ ಅಂತ ಇರಬೇಕು. ನಾನು ಅದಕ್ಕೆ ತದ್ವಿರುದ್ಧ ಬೇಡುತ್ತಿದ್ದೆ. ಭಯ ಆಮೇಲೆ ಬಂತು, ಎರಡನೇ ಸಲ ಚಕ್ರ ಬಿಟ್ಟಾಗ. ಕೈ ನಡುಗುತ್ತಿತ್ತು. ಅದು ವಿಮಾನದ ಭಯವೋ ಆಸ್ಪತ್ರೆಯ ಭಯವೋ ನನಗೆ ಇವತ್ತಿಗೂ ಬಿಡಿಸಿ ಹೇಳಲಾಗುವುದಿಲ್ಲ.

ಇಷ್ಟು ಬರೆಯಲು ಕೂತವನಲ್ಲ ನಾನು. ಇರಲಿ, ಬರೆದಾಯಿತು. ಮನೆಯಲ್ಲೂ ಯಾರಿಗೂ ಹೇಳಿಲ್ಲ, ಈಗ ಇಲ್ಲಿಂದ ಓದಿ ಅಣ್ಣ ಫೋನ್ ಮಾಡಬಹುದು.

ಅಪ್ಪನ ಸುದ್ದಿ ನಿನಗೆ ಗೊತ್ತೇ ಇದೆ. ನಾನು ಏನೂ ಹೇಳಬೇಕಾಗಿ ಬರಲಿಲ್ಲ. "ಇನ್ನೆರಡು ದಿನ ನೋಡುವ" ಅಂತ ಡಾಕ್ಟರೇ ಅಂದರು, ಆ ಎರಡು ದಿನದಲ್ಲಿ ಅಪ್ಪ ತಾವೇ ಉಸಿರಾಡಿದರು. ಈಗ ಗಂಜಿ ಕಂಡರೆ ಆಗುವುದಿಲ್ಲ, ಬಂಗುಡೆ ಸಾರೇ ಬೇಕು. ಮಳೆಗಾಲದಲ್ಲಿ ಮೀನಿಗೆ ಎಷ್ಟು ರೇಟು ಅಂತ ಹೇಳಿದರೆ ನನಗೇ ಬೈಗುಳ. ನಿನ್ನೆ ನಿನ್ನನ್ನೂ ವಿಚಾರಿಸಿದರು, "ಆ ಕೊಡೆ ಕಳ್ಳ ಯಾವಾಗ ಬರುವುದು?" ಅಂತ.

ನೀನು ಬರುವುದು ಆಗಸ್ಟ್‌ನಲ್ಲಿ ತಾನೇ? ಬಜಪೆಯಲ್ಲಿ ವಿಮಾನ ಮತ್ತೆ ಮೇಲೆದ್ದರೆ ಬೆಲ್ಟ್ ಬಿಗಿ ಮಾಡಿಕೊಂಡು ಸುಮ್ನೆ ಕೂರು. ಯಾರಾದರೂ ಗೊಣಗಿದರೆ ಹಿಂದೆ ತಿರುಗಿ ನೀನೇ ಉತ್ತರ ಹೇಳು, ನಿನ್ನ ಆ ದೊಡ್ಡ ಸ್ವರದಲ್ಲಿ. ಕೊಚ್ಚಿಗೆ ಕರೆದುಕೊಂಡು ಹೋದರೂ ಜಗಳ ಮಾಡಬೇಡ, ರಾತ್ರಿಯಾದರೂ ರೈಲಿನಲ್ಲಿ ಬಂದು ಸೇರಬಹುದು. ಇಳಿಯುವಾಗ ಪೈಲಟ್ ಬಾಗಿಲ ಬಳಿ ನಿಂತಿದ್ದರೆ ಕೈ ಕುಲುಕಿ ಬಾ. ನಾನು ಹೊರಗೆ ಕಾಯುತ್ತಿರುತ್ತೇನೆ, ಎಷ್ಟು ತಡವಾದರೂ ಅಡ್ಡಿಯಿಲ್ಲ. ಖರ್ಜೂರ ತಾ. ಕೊಡೆ ಮಾತ್ರ ನಿನ್ನದೇ ತಾ.

ನಿನ್ನ
ಮೂರನೇ ಬೆಂಚಿನ ಕಾರ್ಯದರ್ಶಿ