ಭಾನುವಾರದ ಓದು: ನ್ಯಾಲ್ ಸಾಗಾ, ಅಧ್ಯಾಯ 75–77

ಎಲ್ಲರಿಗೂ ನಮಸ್ಕಾರ. ಐತಿಹಾಸಿಕ ಕಾದಂಬರಿ ಬರೆಯುತ್ತಿರುವವರ ಕೂಟ ಈ ಭಾನುವಾರ ಸಂಜೆ 5ಕ್ಕೆ, ವಿಡಿಯೋ ಕರೆಯಲ್ಲಿ. ಲಿಂಕ್ 4.45ಕ್ಕೆ ಇಲ್ಲೇ ಬರುತ್ತದೆ.

ಐಸ್‌ಲ್ಯಾಂಡಿನ ಹಳೆಯ ಗದ್ಯಕಥನ ನ್ಯಾಲ್ ಸಾಗಾದ 75ರಿಂದ 77ನೇ ಅಧ್ಯಾಯ ಓದಿ ಬನ್ನಿ. ಪುರಸೊತ್ತಿದ್ದರೆ 48 ಕೂಡ; ಕದ್ದ ಚೀಸಿನ ವಿಷಯಕ್ಕೆ ಕಥೆಯ ವೀರ ಗುನ್ನಾರ್ ಹಾಮುಂಡರ್‌ಸನ್ ತನ್ನ ಹೆಂಡತಿ ಹಾಲ್‌ಗೆರ್ಡ್‌ಳ ಕೆನ್ನೆಗೆ ಹೊಡೆಯುವುದು ಅಲ್ಲೇ. 77ರಲ್ಲಿ ವೈರಿಗಳು ಮನೆ ಮುತ್ತಿ ಅವನ ಬಿಲ್ಲಿನ ಹೆದೆ ಕತ್ತರಿಸುತ್ತಾರೆ. ಆಗ ಅವನು ಹಾಲ್‌ಗೆರ್ಡ್‌ಗೆ, ನಿನ್ನ ಕೂದಲಿನ ಎರಡು ಕುರುಳು ಕೊಡು, ಅವ್ವನೂ ನೀನೂ ಹೊಸೆದು ಹೆದೆ ಮಾಡಿಕೊಡಿ ಅನ್ನುತ್ತಾನೆ. ಅವಳು ಆ ಏಟನ್ನು ನೆನಪಿಸಿ ಒಲ್ಲೆ ಅನ್ನುತ್ತಾಳೆ. ಅವಳ ಒಳಗೇನಿತ್ತೆಂದು ಸಾಗಾ ಬಿಡಿಸಿ ಹೇಳುವುದೇ ಇಲ್ಲ. ಇಂದಿನ ಕಾದಂಬರಿಕಾರರು ನುಗ್ಗುವುದು ಈ ಖಾಲಿ ಜಾಗಕ್ಕೆ, ಕೆಡಿಸುವುದೂ ಇಲ್ಲೇ: ಮೂರು ಪುಟ ಸ್ವಗತ ತುಂಬಿದರೆ ಏಟಿನ ಬಿಸಿ ಆರಿಹೋಗುತ್ತದೆ.

ಅದೇ ದೃಶ್ಯವನ್ನು ಹಾಲ್‌ಗೆರ್ಡ್ ಕಡೆಯಿಂದ 200 ಪದಗಳಲ್ಲಿ ಬರೆದು ಶನಿವಾರ ರಾತ್ರಿ 9ರೊಳಗೆ ಹಾಕಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಫೋಟೋ ಬೇಡ. ವೈಕಿಂಗರೆಂದರೆ ಕೊಂಬಿನ ಶಿರಸ್ತ್ರಾಣ ಅನ್ನುವ ಕಲ್ಪನೆಯಂತೂ ಬೇಡವೇ ಬೇಡ. ಅದು 1876ರಲ್ಲಿ ಜರ್ಮನಿಯ ಬೈರೋಯ್ಟ್‌ನಲ್ಲಿ ಆಡಿದ ವಾಗ್ನರ್ ಒಪೆರಾದ ವೇಷಭೂಷಣದಿಂದ ಹಬ್ಬಿದ್ದು. ಘಟನೆ 10ನೇ ಶತಮಾನದ ಕೊನೆಯದು, ಬರಹ 1280ರ ಸುಮಾರಿನದು, ಬರೆದದ್ದು ಆ ಹೊತ್ತಿಗೆ ಕ್ರೈಸ್ತವಾಗಿದ್ದ ನಾಡಿನಲ್ಲಿ, ಅದನ್ನೂ ಗಮನಿಸಿ. ಹಾಮುಂಡರ್‌ಸನ್ ಅಂದರೆ ಹಾಮುಂಡನ ಮಗ, ಮನೆತನದ ಹೆಸರಲ್ಲ. ಹೆಂಡತಿಗೆ ಅಂಟಿಸಬೇಡಿ, ಅವಳು ಹೊಸ್ಕುಲ್ಡ್‌ನ ಮಗಳು.

ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ಹಾಕಿ.